ವಿಳಾಸ ಸರಿಯಾಗಿರುವುದರಿಂದ ಆಗುತ್ತಿರುವ ತೊಂದರೆ ಕುರಿತು

ಇಂದ:
ಒಬ್ಬ ಪ್ರೂಫ್ ರೀಡರು. ಹೆಸರು, ಮನೆ ನಂಬರು, ಬೀದಿ ಇಲ್ಲಿ ಬರೆಯುವುದಿಲ್ಲ. ಅವು ತಮ್ಮ ಬಳಿ ಬೇಕಾದ್ದಕ್ಕಿಂತ ಹೆಚ್ಚೇ ಇವೆ.
(ಅವರ ಪರವಾಗಿ ಬರೆದುಕೊಡುತ್ತಿರುವವಳು: ಅದೇ ಕಟ್ಟಡದ ಕೆಳಮನೆಯಾಕೆ, ನೀರು ಸರಬರಾಜು ಕಚೇರಿಯ ನಿವೃತ್ತ ಟೈಪಿಸ್ಟ್.)

ಗೆ:
ಅಳಿಸುವ ವಿಭಾಗದ ಮುಖ್ಯಸ್ಥರು, ಅಂಥವರೊಬ್ಬರು ಇದ್ದಲ್ಲಿ,
ಯಾರು ಎಲ್ಲಿದ್ದಾರೆಂದು ಯಾರು ಕೇಳಿದರೂ ಹೇಳಿಬಿಡುವ ಜಾಲತಾಣ.

ವಿಷಯ: ಅರ್ಜಿದಾರರ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು ಹಾಗೂ ಹನ್ನೊಂದು ಮಂದಿ ನೆಂಟರನ್ನು ತಮ್ಮ ಪುಟದಿಂದ ತೆಗೆದುಹಾಕುವ ಬಗ್ಗೆ.

ಉಲ್ಲೇಖ:
೧. ತಮ್ಮ ಪುಟದ ತಳದಲ್ಲಿ ಭೂತಗನ್ನಡಿ ಹಿಡಿದರೆ ಕಾಣುವ "ನನ್ನ ಮಾಹಿತಿ ತೆಗೆಯಿರಿ" ಎಂಬ ಗುಂಡಿ. ಎಷ್ಟು ಒತ್ತಿದರೂ ಏನೂ ಅಳಿಯಲಿಲ್ಲ.
೨. ಅದೇ ಪುಟದ ನೆತ್ತಿಯ ಮೇಲೆ ಕುಂಬಳಕಾಯಿಯಂತೆ ಕುಳಿತಿರುವ "ತಪ್ಪಿದ್ದರೆ ತಿದ್ದಿ" ಎಂಬ ಗುಂಡಿ. ಅರ್ಜಿದಾರರು ಒಂದೇ ಸಲ ಒತ್ತಿದ್ದಕ್ಕೆ ಆಗಬಾರದ್ದೆಲ್ಲ ಆಗಿಹೋಯಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿಯನ್ನು ಮೊದಲು ಅರ್ಜಿದಾರರೇ ಬರೆದಿದ್ದರು. ಅದರಲ್ಲಿ ತಮ್ಮ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಎಡಗೈ ಮೇಲಿನ ಮಚ್ಚೆ, ಬಸ್ ನಿಲ್ದಾಣದಿಂದ ಮನೆಗೆ ಬರುವ ದಾರಿಯ ನಕ್ಷೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕೊಟ್ಟಿದ್ದರು. "ಅರ್ಜಿ ಅಂದಮೇಲೆ ವಿವರ ಪೂರ್ತಿ ಇರ್ಬೇಕಲ್ಲ" ಎಂಬುದು ಅವರ ವಾದ. ಅವರ ಹೆಂಡತಿ ಆ ಹಾಳೆಯನ್ನು ಮಡಚಿ ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟು ಕೆಳಗಿಳಿದು ಬಂದಳು. "ಅಕ್ಕಾ, ನೀವೇ ಬರ್ದುಕೊಡಿ. ಇವರ ಕೈಗೆ ಪೆನ್ನು ಕೊಟ್ರೆ ಬೀರು ಕೀ ಎಲ್ಲಿಟ್ಟಿದೀವಿ ಅಂತಾನೂ ಬರೀತಾರೆ" ಎಂದಳು. ಕಾರಣ, ಈ ಭಾರ ಕೆಳಮನೆಯಾಕೆಯ ತಲೆಗೆ ಬಿದ್ದಿದೆ. ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರು ಹೇಳಿದ್ದನ್ನೇ ಟೈಪು ಮಾಡಿದವಳಿಗೆ ಈಗ ತನ್ನ ಮಾತು ಹೇಳುವ ಅವಕಾಶ ಸಿಕ್ಕಿದೆ. ಉದ್ದವಾದರೆ ತಾವು ಸಹಿಸಿಕೊಳ್ಳತಕ್ಕದ್ದು.

೧. ಅರ್ಜಿದಾರರ ಉದ್ಯೋಗದ ಬಗ್ಗೆ. ಔಷಧದ ಡಬ್ಬಿಯೊಳಗೆ ಮಡಚಿ ತುರುಕಿರುವ, ಇರುವೆ ಸಾಲಿನಂಥ ಅಕ್ಷರಗಳ ಚೀಟಿಯನ್ನು ತಾವು ನೋಡಿರಬಹುದು, ಓದಿರಲಾರಿರಿ. ಅದನ್ನು ಅರ್ಜಿದಾರರು ಓದುತ್ತಾರೆ, ಅಚ್ಚಿಗೆ ಹೋಗುವ ಮುಂಚೆ ಮೂರು ಸಲ. "ಊಟಕ್ಕೆ ಮುಂಚೆ ಅನ್ನೋದು ಊಟ ಆದಮೇಲೆ ಅಂತ ಆಗ್ಬಿಟ್ರೆ ಯಾರದೋ ಹೊಟ್ಟೆ ಕಥೆ ಮುಗೀತು" ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ತಪ್ಪು ಕಂಡರೆ ಅವರ ಕೈ ಎಲ್ಲಿಯೂ ಸುಮ್ಮನಿರುವುದಿಲ್ಲ. ಬಂದ ಮದುವೆ ಕರೆಯೋಲೆಯನ್ನು ತಿದ್ದಿ ಹುಡುಗಿಯ ಅಪ್ಪನಿಗೆ ವಾಪಸು ಕಳಿಸಿದವರು ಅವರು. ಮೆಟ್ಟಿಲ ಬಳಿ ಕೆಳಮನೆಯಾಕೆ ಅಂಟಿಸಿದ್ದ ನೀರು ಬಿಡುವ ವೇಳೆಯ ಚೀಟಿಯನ್ನೂ ಬಿಟ್ಟಿಲ್ಲ. ಆಕೆ ಅದನ್ನು ಇನ್ನೂ ಮರೆತಿಲ್ಲ.

೨. ಅರ್ಜಿದಾರರ ಹೆಂಡತಿಯ ಬಗ್ಗೆ. ಆಕೆ ದೊಡ್ಡಾಸ್ಪತ್ರೆಯಲ್ಲಿ ವಾರ್ಡ್ ಆಯಾ. ಬಕೆಟ್ಟು, ಬೆಡ್‌ಪ್ಯಾನು, ಹಾಸಿಗೆಯ ಬಟ್ಟೆ, ಇವೇ ಅವಳ ಕೆಲಸ. ಅಂಥವರಿಗೆ ನರ್ಸ್ ಆಗಲು ಒಂದು ಪರೀಕ್ಷೆ ಇದೆ. ಮೂರೇ ಸಲ ಕೂರಬಹುದು. ಎರಡು ಸಲ ಆಗಿದೆ, ಎರಡು ಸಲವೂ ಹೋಗಿದೆ. ಬರುವ ತಿಂಗಳಿನದು ಮೂರನೆಯದು.

೩. ಎರಡು ಸಲ ಹೋದದ್ದಕ್ಕೆ ಕಾರಣ ದಡ್ಡತನವಲ್ಲ, ನೆಂಟಸ್ತನ. "ನಮ್ಮವಳೇ ಆಸ್ಪತ್ರೇಲಿದಾಳೆ" ಎನ್ನುವ ಮಾತು ಒಂದು ಮನೆತನದಲ್ಲಿ ಹುಟ್ಟಿತೆಂದರೆ ಮುಗಿಯಿತು. ಕೆಮ್ಮಿದವರೆಲ್ಲ ಅವಳ ಮನೆಯಲ್ಲೇ ಇಳಿಯುತ್ತಾರೆ. ಮೊದಲನೇ ಪರೀಕ್ಷೆಯ ಹೊತ್ತಿಗೆ ಅರ್ಜಿದಾರರ ಚಿಕ್ಕಪ್ಪ ತಮ್ಮ ಮಂಡಿ ತೋರಿಸಲು ಬಂದು, ಮಂಡಿ ವಾಸಿಯಾದ ಮೇಲೂ ಇದ್ದರು. ಎರಡನೇದರ ಹೊತ್ತಿಗೆ ಸೋದರತ್ತೆ ಕಣ್ಣಿನ ಪೊರೆ ತೆಗೆಸಲು ಬಂದರು. ಒಂದು ಕಣ್ಣು ಮುಗಿದ ಮೇಲೆ, "ಬಂದಿದ್ದು ಬಂದೆ, ಇನ್ನೊಂದೂ ಆಗೋಗ್ಲಿ" ಎಂದರು. ಪುಸ್ತಕ ತೆರೆದರೆ ಚಿಕ್ಕಪ್ಪ, "ಓದ್ಕೋಮ್ಮ, ನಾನೇನು ಅಡ್ಡ ಬರಲ್ಲ" ಎನ್ನುವರು. ಪುಟ ತಿರುಗಿಸುವಷ್ಟರಲ್ಲಿ, "ಆ ಟೀ ಏನಾಯ್ತು" ಎನ್ನುವರು. ಮಂಡಿಚಿಪ್ಪಿನ ಪಾಠ ಬಂದಾಗ ಮಾತ್ರ ಪಂಚೆ ಮೇಲೆತ್ತಿ ತಮ್ಮದನ್ನೇ ಮುಂದಿಟ್ಟು ಸಹಕರಿಸಿದರೆಂಬುದನ್ನು ಇಲ್ಲಿ ದಾಖಲಿಸದೆ ಇದ್ದರೆ ನ್ಯಾಯವಾಗದು.

೪. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಕೂಡಿ ಯೋಚಿಸಿ, ಇನ್ನೊಂದು ಹಾಸಿಗೆ ಬಿಡಿಸಲು ಜಾಗವೇ ಇಲ್ಲದ ಮನೆಯನ್ನು ಹುಡುಕಿ, ಯಾರಿಗೂ ಹೇಳದೆ ನಮ್ಮ ಕಟ್ಟಡಕ್ಕೆ ಬಂದರು. ಫೋನ್ ನಂಬರು ಬದಲಾಯಿಸಿದರು. ಆಸ್ಪತ್ರೆಯವರು ಓದಲು ರಜೆ ಕೊಟ್ಟರು. ಹೊಸ ಮನೆಯಲ್ಲಿ ಅವಳು ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಕೊಂಡು, "ಅಕ್ಕಾ, ನಂಗೆ ನನ್ನ ಉಸಿರೇ ಕೇಳಿಸ್ತಿದೆ" ಎಂದು ಸಂತೋಷಪಟ್ಟಳು.

೫. ಆಗ ತಮ್ಮ ಜಾಲತಾಣ ಅವಳ ಕಣ್ಣಿಗೆ ಬಿತ್ತು. ಹೊಸ ಮನೆಯ ಹಾಲಿನವನಿಗೇ ಇನ್ನೂ ಇವರ ಹೆಸರು ಗೊತ್ತಾಗಿರಲಿಲ್ಲ, ತಮಗೆ ಎಲ್ಲ ಗೊತ್ತಿತ್ತು! ಗಂಡನ ಹೆಸರು ಹಾಕಿದರೆ ಮನೆ, ಮಹಡಿ, ಫೋನು, ಸಾಲಾಗಿ ಬಂದು ನಿಂತವು. ತೆಗೆಯಿರಿ ಎಂದು ಕೇಳಿದ್ದಕ್ಕೆ, ತೆಗೆಯಬೇಕಾದರೆ ಗುರುತಿನ ಚೀಟಿ, ಫೋಟೋ, ಸಹಿ ಕಳಿಸಿ ಎಂದಿರಿ. ಕಳ್ಳನಿಗೆ ಮನೆಯಿಂದ ಆಚೆ ಹೋಗು ಎಂದರೆ, ಹೋಗುತ್ತೇನೆ, ಮೊದಲು ಒಡವೆ ಪೆಟ್ಟಿಗೆ ತೋರಿಸು ಅಂದಹಾಗಾಯಿತು. ಆಸ್ಪತ್ರೆಯ ದಾಖಲೆ ಕೋಣೆಯ ಗೆಳತಿ ಅವಳಿಗೆ ಒಂದು ಉಪಾಯ ಹೇಳಿಕೊಟ್ಟಳು: "ಅಳಿಸೋಕೆ ಬಿಡಲ್ಲ ಅಂದ್ರೆ ಕೆಡಿಸಿಬಿಡೇ." ಅವಳು "ತಪ್ಪಿದ್ದರೆ ತಿದ್ದಿ" ಎಂಬುದನ್ನು ಒತ್ತಿ, ಇದ್ದ ಸರಿಯನ್ನೆಲ್ಲ ತಪ್ಪು ಮಾಡಿದಳು. ಗಂಡನ ವಯಸ್ಸು ಎಪ್ಪತ್ತೊಂದು. ಉದ್ಯೋಗ, ಈಜು ಕಲಿಸುವುದು. ವಿಳಾಸ, ಪೆಟ್ರೋಲ್ ಬಂಕಿಗೂ ಸ್ಮಶಾನಕ್ಕೂ ನಡುವೆ ಇಲ್ಲದ ಒಂದು ಕಟ್ಟಡ. ನೆಂಟರು: ಯಾರೂ ಇಲ್ಲ. ತಾವು ಅದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡಿರಿ. ಅದಕ್ಕಾಗಿ ಆಕೆ ಇಂದಿಗೂ ತಮಗೆ ಕೃತಜ್ಞಳು.

೬. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ತಿದ್ದಿಬಿಡುತ್ತಾರೆ ಎಂಬ ಭಯ. ಹೇಳದೆ ಇದ್ದದ್ದರಿಂದಲೂ ಅದೇ ಆಯಿತು.

೭. ಅಚ್ಚುಕೂಟದಲ್ಲಿ ಮೆಷಿನ್ ನಡೆಸುವವನು ಒಂದು ದಿನ ಬಿಡುವಿನಲ್ಲಿ ತಮ್ಮ ಪುಟ ನೋಡಿ, "ಏನ್ ಸಾರ್, ಈ ವಯಸ್ಸಲ್ಲಿ ಈಜು ಬೇರೆ ಕಲಿಸ್ತೀರಂತೆ" ಎಂದು ಕಿಚಾಯಿಸಿದ. ಬಕೆಟ್ಟಿನ ನೀರು ಕಂಡರೂ ಎರಡು ಹೆಜ್ಜೆ ಹಿಂದೆ ಸರಿಯುವ ನಮ್ಮ ಅರ್ಜಿದಾರರು ಪುಟ ನೋಡಿ ಬೆವತುಹೋದರು. ಒಂದು ಪುಟದಲ್ಲಿ ಇಷ್ಟು ತಪ್ಪು! ಅದೂ ತಮ್ಮದೇ ಹೆಸರಿನ ಕೆಳಗೆ! ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ತಿದ್ದಲು ಕುಳಿತರು. ವಯಸ್ಸು ಸರಿಯಾಯಿತು. ಉದ್ಯೋಗ ಸರಿಯಾಯಿತು. ಹೆಂಡತಿ ಆಸ್ಪತ್ರೆಯವಳೆಂಬುದೂ ಸೇರಿತು. ವಿಳಾಸ ಕೊಟ್ಟು ಅದರ ಕೆಳಗೆ, "ಬಾಗಿಲು ನೀಲಿ ಬಣ್ಣದ್ದು, ಬೆಲ್ ಕೆಟ್ಟಿದೆ, ಬಡಿಯಿರಿ" ಎಂದೂ ಸೇರಿಸಿದರು. "ನೆಂಟರು: ಯಾರೂ ಇಲ್ಲ" ಎಂಬ ಸಾಲಿನ ಮುಂದೆ ಅವರಿಗೆ ದುಃಖವೇ ಬಂತಂತೆ. ಹನ್ನೊಂದು ಮಂದಿಯನ್ನೂ ಸಂಬಂಧ ಸಮೇತ ತುಂಬಿದರು. "ಒಬ್ರನ್ನ ಹಾಕಿ ಒಬ್ರನ್ನ ಬಿಟ್ರೆ ಬೇಜಾರು ಮಾಡ್ಕೊಳಲ್ವಾ" ಎಂಬುದು ಅವರ ಸಮಜಾಯಿಷಿ. ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬುದು ಕೆಳಮನೆಯಾಕೆಯ ಅಭಿಪ್ರಾಯ.

೮. ತಾವು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಕೇಳದೆಯೇ ಆ ಹನ್ನೊಂದು ಮಂದಿಗೂ "ಸಂತೋಷದ ಸುದ್ದಿ! ನಿಮ್ಮ ನೆಂಟರು ಸಿಕ್ಕಿದ್ದಾರೆ" ಎಂದು ಸಂದೇಶ ಕಳಿಸಿದಿರಿ. ಜೊತೆಗೆ ದಾರಿಯನ್ನೂ ತೋರಿಸಿದಿರಿ.

೯. ಅದೇ ವಾರದ ಭಾನುವಾರ ಬಾಗಿಲು ಬಡಿದ ಸದ್ದು ಕೆಳಮನೆಗೂ ಕೇಳಿಸಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ ಚಿಕ್ಕಪ್ಪ ನಿಂತಿದ್ದರು, ಈ ಸಲ ಇನ್ನೊಂದು ಮಂಡಿಯೊಂದಿಗೆ. ಅವರ ಬೆನ್ನಿಗೆ ಸೋದರತ್ತೆ. ಕಣ್ಣೆರಡೂ ಚೆನ್ನಾಗಿ ಕಾಣುತ್ತಿದ್ದುದರಿಂದ ಮೆಟ್ಟಿಲ ಮೇಲಿನ ಧೂಳನ್ನು ಎಣಿಸುತ್ತಲೇ ಹತ್ತಿದರು.

"ಎಷ್ಟು ಹುಡುಕಿದ್ವಿ ನಿಮ್ಮನ್ನ" ಎಂದರು ಚಿಕ್ಕಪ್ಪ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಕೊಂಡು. "ಪಾಪ, ನಿನ್ನ ಗಂಡನೇ ಎಲ್ಲ ಸರಿಯಾಗಿ ಹಾಕಿದಾನೆ ನೋಡು. ಬೆಲ್ ಕೆಟ್ಟಿರೋದೂ ಬಿಟ್ಟಿಲ್ಲ."

ಹೆಂಡತಿ ಗಂಡನ ಮುಖ ನೋಡಿದಳು. ಮೂವರಿಗೂ ಟೀ ಮಾಡಿಟ್ಟು, ಪುಸ್ತಕ ತೆಗೆದುಕೊಂಡು ಕೆಳಮನೆಯ ಅಡುಗೆಮನೆಗೆ ಬಂದು ಕುಳಿತಳು. ಪುಟ ಕೆಡಿಸಿದ್ದು ಯಾರೆಂದು ಆಗ ಹೊಳೆದು ಅರ್ಜಿದಾರರು ಹಿಂದೆಯೇ ಇಳಿದು ಬಂದರು.

"ನೀನು ಒಂದು ಮಾತು ಹೇಳಿದ್ರೆ ನಾನು ತಿದ್ತಿರ್ಲಿಲ್ಲ" ಎಂದರು.

"ತಿದ್ತಿರ್ಲಿಲ್ವಾ?"

ಅರ್ಜಿದಾರರು ಸುಳ್ಳು ಹೇಳುವವರಲ್ಲ.

"ರೀ, ನಂಗೆ ಇದೇ ಕೊನೇ ಸಲ. ಇದೂ ಹೋದ್ರೆ ನಾನು ಅದೇ ಬಕೆಟ್ ಹಿಡ್ಕೊಂಡು ರಿಟೈರ್ ಆಗ್ತೀನಿ. ಮೊನ್ನೆ ಸೇರಿದ ಹುಡುಗೀರು ನನ್ನನ್ನ ಹೇ ಆಯಾ ಅಂತ ಕರೀತಾರೆ. ಅವರಿಗೆ ಇಂಜೆಕ್ಷನ್ ಹಿಡಿಯೋದು ಹೇಗೆ ಅಂತ ತೋರ್ಸಿದ್ದು ನಾನು. ನಂಗೆ ಆಗ್ಬೇಕು ಅಂತ ಎಷ್ಟು ಆಸೆ ಇದೆ ಅಂತ ನಿಮಗೆ ಗೊತ್ತಿಲ್ಲ" ಎಂದಳು. ಹೇಳಿ ಅತ್ತಳು. ಕೆಳಮನೆಯಾಕೆ ಈರುಳ್ಳಿ ಹೆಚ್ಚುತ್ತಿದ್ದುದರಿಂದ ಆಕೆಯ ಕಣ್ಣಲ್ಲಿ ನೀರು ಬಂದದ್ದಕ್ಕೆ ಬೇರೆ ಅರ್ಥ ಕಲ್ಪಿಸತಕ್ಕದ್ದಲ್ಲ.

೧೦. ಅಂದಿನಿಂದ ಅರ್ಜಿದಾರರು ಪಟ್ಟ ಪಾಡು. ಬಂದ ಇಬ್ಬರನ್ನೂ ತಾವೇ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ದು, ತೋರಿಸಿ, ಬಸ್ಸು ಹತ್ತಿಸಿ ಬಂದರು. ಇನ್ನೂ ಒಂಬತ್ತು ಮಂದಿ ಬಾಕಿ ಇದ್ದಾರೆ; ಒಬ್ಬರು ಹಲ್ಲು ಕೀಳಿಸುವ ಸೂಚನೆ ಕೊಟ್ಟಿದ್ದಾರೆ. ಆ ಪುಟವನ್ನು ಹೆಂಡತಿ ಕೆಡಿಸಿದಂತೆ ಮತ್ತೆ ಕೆಡಿಸೋಣವೆಂದು ಅರ್ಜಿದಾರರೂ ಹಲ್ಲು ಕಚ್ಚಿ ಕುಳಿತರು. ಆದರೆ, "ಈ ಮಾಹಿತಿಯನ್ನು ಸ್ವತಃ ವ್ಯಕ್ತಿಯೇ ಖಚಿತಪಡಿಸಿರುತ್ತಾರೆ, ಇನ್ನು ಬದಲಾಯಿಸುವಂತಿಲ್ಲ" ಎಂದು ತಾವು ಹಸಿರು ಗುರುತು ಹಾಕಿ ಬೀಗ ಜಡಿದಿದ್ದೀರಿ. ಇದ್ದ ಸುಳ್ಳನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಸತ್ಯವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಸಾಲದ್ದಕ್ಕೆ ತಮ್ಮಂಥವೇ ಇನ್ನೂ ನಾಲ್ಕು ಜಾಲತಾಣಗಳು ತಮ್ಮನ್ನು ನೋಡಿ ನಕಲು ಮಾಡಿಕೊಂಡಿವೆ. ನಕಲಿನಲ್ಲಿ ಬೆಲ್ ಕೆಟ್ಟಿರುವ ವಿಷಯವೂ ಇದೆ. ಬೆಲ್ ರಿಪೇರಿಯಾಗಿ ವಾರವಾಯಿತು ಎಂದು ತಿಳಿಸಲು ಅರ್ಜಿದಾರರ ಕೈ ತುರಿಸುತ್ತಿತ್ತು, ಹೆಂಡತಿ ಹಿಡಿದುಕೊಂಡಳು.

೧೧. ಸದ್ಯ ಆಕೆ ಕೆಳಮನೆಯ ಅಡುಗೆಮನೆಯಲ್ಲಿ ಓದುತ್ತಿದ್ದಾಳೆ. ಪ್ರಶ್ನೆ ಕೇಳುವುದು ಕೆಳಮನೆಯಾಕೆ. ಅಡುಗೆ ಮಾಡುವುದು ಅರ್ಜಿದಾರರು, ಎರಡೂ ಮನೆಗೆ. ಉಪ್ಪಿನ ವಿಷಯದಲ್ಲಿ ಮಾತ್ರ ಅವರು ಇಲ್ಲಿಯವರೆಗೆ ಒಂದು ತಪ್ಪನ್ನೂ ತಿದ್ದಿಕೊಂಡಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು:

(ಅ) ಅರ್ಜಿದಾರರ ಹೆಸರು, ವಯಸ್ಸು, ವಿಳಾಸ, ಫೋನು, ಬಾಗಿಲಿನ ಬಣ್ಣ ಇವಿಷ್ಟನ್ನೂ ಪರೀಕ್ಷೆಗೆ ಮುಂಚೆ ಅಳಿಸಬೇಕು. ಪರೀಕ್ಷೆ ಮುಗಿದ ಮೇಲೆ ಅಳಿಸಿದರೆ ಊಟವಾದ ಮೇಲೆ ಎಲೆ ಹಾಕಿದಂತೆ.

(ಆ) ಹನ್ನೊಂದು ಮಂದಿ ನೆಂಟರನ್ನು ಅಳಿಸಬೇಕು, ಜಾಲತಾಣದಿಂದ ಮಾತ್ರ. ಅವರ ಆಯಸ್ಸು, ಆರೋಗ್ಯ ಚೆನ್ನಾಗಿರಲಿ. ಆರೋಗ್ಯವಂತೂ ಬಹಳ ಚೆನ್ನಾಗಿರಲಿ ಎಂಬುದೇ ಈ ಮನೆಯವರ ಹಾರೈಕೆ.

(ಇ) ಅಳಿಸಿದ ಮೇಲೆ, ನಕಲು ಮಾಡಿಕೊಂಡವರಿಂದ ತಾವು ಮತ್ತೆ ನಕಲು ಮಾಡಿಕೊಳ್ಳಬಾರದು.

(ಈ) ಅಳಿಸಿದ್ದೇವೆ ಎಂದು ತಿಳಿಸಲು ಯಾರನ್ನೂ ಮನೆಗೆ ಕಳಿಸಬಾರದು.

ಇಷ್ಟಾದರೂ ತಮ್ಮ ಮೇಲೆ ನಂಬಿಕೆ ಕಳೆದುಕೊಳ್ಳದಿರಲು ಪ್ರಯತ್ನಿಸುತ್ತಿರುವ,
ತಮ್ಮ ವಿಶ್ವಾಸಿ,
ಅರ್ಜಿದಾರರು
(ಸಹಿ ಮಾಡಲು ಹೆಂಡತಿ ಬಿಟ್ಟಿಲ್ಲ)

ಲಗತ್ತುಗಳು:
೧. ಗುರುತಿನ ಚೀಟಿ: ಲಗತ್ತಿಸಿಲ್ಲ.
೨. ಇತ್ತೀಚಿನ ಫೋಟೋ: ಲಗತ್ತಿಸಿಲ್ಲ.
೩. ಪರೀಕ್ಷೆಯ ಪ್ರವೇಶಪತ್ರದ ಪ್ರತಿ: ಹೆಸರು, ನಂಬರು, ಊರು, ಮುಖ ಎಲ್ಲದರ ಮೇಲೂ ಕಪ್ಪು ಕಾಗದ ಅಂಟಿಸಿ ಲಗತ್ತಿಸಿದೆ. "ಕೊನೆಯ ಅವಕಾಶ" ಎಂಬ ಎರಡು ಪದ ಮಾತ್ರ ಕಾಣುವಂತೆ ಬಿಟ್ಟಿದೆ.

ಕೊನೆಯದಾಗಿ ಒಂದು ಕೋರಿಕೆ:
ತಮ್ಮ ನಿಯಮದ ಪ್ರಕಾರ ಒಮ್ಮೆ ಖಚಿತಪಡಿಸಿದ ಪುಟವನ್ನು ಪೂರ್ತಿ ಖಾಲಿ ಬಿಡುವಂತಿಲ್ಲವಂತೆ, ಒಂದು ಸಾಲಾದರೂ ಉಳಿಯಲೇಬೇಕಂತೆ. ಹಾಗಿದ್ದಲ್ಲಿ ಉಳಿದದ್ದನ್ನೆಲ್ಲ ಅಳಿಸಿ ಈ ಒಂದು ಸಾಲನ್ನು ಹಾಕತಕ್ಕದ್ದು: "ಇವರ ಹೆಂಡತಿ ನರ್ಸ್." ಇದನ್ನು ಅರ್ಜಿದಾರರೇ ಬರೆದುಕೊಟ್ಟಿದ್ದಾರೆ. ಇವತ್ತಿನ ಮಟ್ಟಿಗೆ ಇದು ತಪ್ಪು ಮಾಹಿತಿ ಎಂದು ಕೆಳಮನೆಯಾಕೆ ನೆನಪಿಸಿದಳು. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿ, "ಸರಿಯಾಗಿದೆ, ಅಚ್ಚಿಗೆ ಹೋಗಲಿ" ಎಂದರು. ಆದ್ದರಿಂದ ಫಲಿತಾಂಶ ಬರುವವರೆಗೆ ಅದನ್ನು ತಾವು ಯಾರೂ ತಿದ್ದಬಾರದೆಂದು ವಿನಂತಿ.