ಅಡುಗೆಮನೆಯ ಕಿಂಡಿ ಹಾಗೂ ಜೀವಕೋಶಗಳ ನೇರ ವ್ಯವಹಾರ ನಿಷೇಧ ಕುರಿತು

(ಇಲಾಖೆಯ ಹೆಸರು ಮೊಹರಿನಲ್ಲಿ ಸವೆದುಹೋಗಿದೆ. ಹೊಸ ಮೊಹರಿಗೆ ಬರೆಯಲಾಗಿದೆ.)
ತಾಲ್ಲೂಕು ಶಾಖಾ ಕಚೇರಿ, ಹಗರಿಬೊಮ್ಮನಹಳ್ಳಿ

ಸಂಖ್ಯೆ: ತಾಶಾಕ/ಕಿಂಡಿ/ಸಿಬ್ಬಂದಿ/ಜೀಕೋ-4/1999-2000
ದಿನಾಂಕ: 17-06-1999

ಸುತ್ತೋಲೆ

ವಿಷಯ: ವಸತಿಗೃಹಗಳ ನಡುಗೋಡೆಯ ಕಿಂಡಿಗಳ ಮೂಲಕವೂ, ನೌಕರರ ದೇಹದಲ್ಲಿ ಅಕ್ಕಪಕ್ಕದ ಜೀವಕೋಶಗಳ ನಡುವೆ ಇರುವ ಕಿಂಡಿಗಳ ಮೂಲಕವೂ ನಡೆಯುತ್ತಿರುವ ನೇರ ವ್ಯವಹಾರವನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(1) ಅಡುಗೆಮನೆ ಕಿಂಡಿಗಳನ್ನು ಮುಚ್ಚುವ ಬಗ್ಗೆ ಈ ಕಚೇರಿಯ ಹಿಂದಿನ ಆದೇಶ.
(2) ವಸತಿಗೃಹ ಸಂಖ್ಯೆ 4ರ ನಿವಾಸಿ ಶ್ರೀಮತಿ ಖುಷ್ನುಮಾ, ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಇವರ ಲಿಖಿತ ವಿವರಣೆ, ಹೃದಯದ ಚಿತ್ರಸಹಿತ.
(3) ವಸತಿಗೃಹ ಸಂಖ್ಯೆ 3ರ ನಿವಾಸಿ ಶ್ರೀಮತಿ ಎರ್ರೆಮ್ಮ ಇವರ ಮೌನ.

ಪ್ರಸ್ತಾವನೆ:

ಈ ಕಚೇರಿಯ ಹಿಂಭಾಗದ ವಸತಿಗೃಹಗಳು ಒಂದೇ ಸಾಲಿನಲ್ಲಿದ್ದು, ಪ್ರತಿ ಎರಡು ಅಡುಗೆಮನೆಗಳ ನಡುವೆ ಒಂದೇ ಗೋಡೆ ಇರುತ್ತದೆ. ಕಟ್ಟುವ ಕಾಲಕ್ಕೆ ಮೇಸ್ತ್ರಿಯು ಸಾರುವೆಯ ಮರ ಸಿಕ್ಕಿಸಿದ್ದ ತೂತುಗಳನ್ನು ಮುಚ್ಚದೆ ಹೋಗಿದ್ದು, ಸದರಿ ತೂತುಗಳಿಗೆ ನಿವಾಸಿಗಳು ಆ ಕಡೆಗೊಂದು ಈ ಕಡೆಗೊಂದು ಪುಟ್ಟ ಹಲಗೆಬಾಗಿಲು ಕೂಡಿಸಿಕೊಂಡಿರುತ್ತಾರೆ. ಒಬ್ಬರು ಸೌಟಿನಿಂದ ಗೋಡೆ ಬಡಿದರೆ ಇನ್ನೊಬ್ಬರು ತಮ್ಮ ಕಡೆಯ ಹಲಗೆ ತೆಗೆಯುವುದು ರೂಢಿ. ಉಪ್ಪು, ಸಕ್ಕರೆ, ಹಾಲಿಗೆ ಹಾಕುವ ಹೆಪ್ಪು, ಬಟ್ಟಲಲ್ಲಿ ಪುಂಡಿಪಲ್ಯ ಇತ್ಯಾದಿ ಈ ಮಾರ್ಗವಾಗಿ ದಾಟುತ್ತಿದ್ದವು. ಕುಂಬಳಕಾಯಿಯು ಮಾತ್ರ ಹಿಡಿಸದೆ ಬೀದಿ ಸುತ್ತಿ ಹೋಗುತ್ತಿತ್ತು.

ಗೋಡೆಗೆ ಕಿವಿ ಇರುತ್ತದೆ ಎಂಬ ಗಾದೆಯನ್ನು ಇಲಾಖೆ ಬಲ್ಲದು. ಆದರೆ ಈ ಗೋಡೆಗಳಿಗೆ ಬಾಯಿಯೂ ಇರುವುದು ಕಳೆದ ಬೇಸಿಗೆಯಲ್ಲಿ ಗಮನಕ್ಕೆ ಬಂದಿತು. ಕೆಳಸಹಿದಾರರು, ಅಂದರೆ ಪ್ರಭಾರ ಅಧೀಕ್ಷಕರಾದ ಶ್ರೀ ಬೆನಕಪ್ಪನವರು, ಮಧ್ಯಾಹ್ನ ರೊಟ್ಟಿ ಮುರಿಯುತ್ತಾ, ದ್ವಿತೀಯ ದರ್ಜೆ ಸಹಾಯಕ ಶ್ರೀ ಓಬಳೇಶನನ್ನು ತಂಬ್ರಹಳ್ಳಿಗೆ ಹಾಕುವ ವಿಚಾರವನ್ನು ತಮ್ಮ ಪತ್ನಿ ಶ್ರೀಮತಿ ಎರ್ರೆಮ್ಮನವರಿಗೆ ಅತ್ಯಂತ ಗೋಪ್ಯವಾಗಿ ತಿಳಿಸಿದ್ದರು. ಕೈ ತೊಳೆದು, ಚಪ್ಪಲಿ ಹುಡುಕಿ, ಕಚೇರಿ ಮೆಟ್ಟಿಲು ಹತ್ತುವಷ್ಟರಲ್ಲಿ ಸದರಿ ಓಬಳೇಶನು ಮೇಜಿನ ಮುಂದೆ ಎಲೆಯಡಿಕೆ ತಟ್ಟೆ ಹಿಡಿದು ಅಳುತ್ತಾ ನಿಂತಿದ್ದನು. ಗೋಪ್ಯ ವಿಚಾರವು ಕಿಂಡಿಯಿಂದ ಕಿಂಡಿಗೆ ದಾಟಿ ಸಾಲಿನ ಕೊನೆಯ ಮನೆ ಮುಟ್ಟಿ, ಅಲ್ಲಿಂದ ಕಚೇರಿಗೂ ತಲುಪಿಯಾಗಿತ್ತು. ಆದ್ದರಿಂದ ಉಲ್ಲೇಖ (1)ರ ಆದೇಶ ಹೊರಡಿಸಿ, ಎಲ್ಲಾ ಕಿಂಡಿಗಳಿಗೂ ಸಿಮೆಂಟು ಮೆತ್ತಿಸಲಾಯಿತು. 3 ಮತ್ತು 4ರ ನಡುವಿನ ಕಿಂಡಿಗೆ ಕೆಳಸಹಿದಾರರು ಖುದ್ದು ನಿಂತು ಎರಡು ಪಟ್ಟು ಮೆತ್ತಿಸಿದರು. ಮನೆ 3ರ ನಿವಾಸಿಯೂ ಕೆಳಸಹಿದಾರರೂ ಒಬ್ಬರೇ ಆಗಿರುವುದು ಕೇವಲ ಆಕಸ್ಮಿಕ.

ಮನೆ 4 ಇಲಾಖೆಯ ಜೀಪು ಚಾಲಕ ಶ್ರೀ ಜಮಾಲುದ್ದೀನರದು. ಅವರ ಪತ್ನಿ ಶ್ರೀಮತಿ ಶಹಜಾನಬಿ ಹಾಗೂ ಸೊಸೆ ಶ್ರೀಮತಿ ಖುಷ್ನುಮಾ ಇವರಿಗೆ, ಕಿಂಡಿ ಬಳಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂದು ಕೇಳಲಾಗಿತ್ತು. ಅತ್ತೆಯವರು ಉತ್ತರಿಸಲಿಲ್ಲ. ಸೊಸೆಯವರು ಉತ್ತರಿಸಿದರು, ಈ ಸುತ್ತೋಲೆಯ ಅಗತ್ಯ ಬಿದ್ದಿದ್ದೇ ಅದರಿಂದ.

ಸದರಿ ವಿವರಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಕೆಳಕಂಡ ಗಂಭೀರ ಸಂಗತಿಗಳು ಬೆಳಕಿಗೆ ಬಂದಿರುತ್ತವೆ. ಮನುಷ್ಯನ ದೇಹವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳೆಂಬ ಕೋಣೆಗಳಿಂದ ಆಗಿದ್ದು, ಅಕ್ಕಪಕ್ಕದ ಕೋಶಗಳ ಗೋಡೆಯಲ್ಲಿ ಸೂಕ್ಷ್ಮವಾದ ಕೊಳವೆಗಳಿರುತ್ತವೆ. ಕೊಳವೆಯ ಅರ್ಧವನ್ನು ಈ ಕೋಶ, ಇನ್ನರ್ಧವನ್ನು ಪಕ್ಕದ ಕೋಶ ಕಟ್ಟಿಕೊಂಡು ತುದಿಗೆ ತುದಿ ಕೂಡಿಸಿರುತ್ತವೆ. ಉಪ್ಪಿನಂಶ, ಸಕ್ಕರೆಯಂಥ ಚಿಕ್ಕ ಪದಾರ್ಥಗಳು ಯಾರನ್ನೂ ಕೇಳದೆ ಅದರಲ್ಲಿ ದಾಟುತ್ತವೆ, ದೊಡ್ಡವು ಹಿಡಿಸುವುದಿಲ್ಲ. ಹೃದಯದ ಕೋಶಗಳಂತೂ ಬಡಿತದ ಸೂಚನೆಯನ್ನೇ ಒಂದರಿಂದ ಒಂದಕ್ಕೆ ಹೀಗೆ ದಾಟಿಸುವುದರಿಂದ ಎಲ್ಲವೂ ಕೂಡಿ ಬಡಿಯುತ್ತವೆ. ವಿವರಣೆಯ ಕೊನೆಯಲ್ಲಿ ಶಿಕ್ಷಕಿಯವರು, ಇಂಥ ಕಿಂಡಿಗಳು ಕೆಳಸಹಿದಾರರ ಎದೆಯಲ್ಲಿಯೂ ಇವೆ ಎಂದು ವಿನಯಪೂರ್ವಕವಾಗಿ ತಿಳಿಸಿದ್ದಾರೆ.

ಇಷ್ಟು ವರ್ಷ ನಿಷ್ಕಳಂಕ ಸೇವೆ ಸಲ್ಲಿಸಿದ ಎದೆಯೊಳಗೇ ಇಂಥ ಅಕ್ರಮ ನಡೆದುಬಂದಿರುವುದು ಕೆಳಸಹಿದಾರರಿಗೆ ತೀವ್ರ ಆಘಾತ ಉಂಟುಮಾಡಿದೆ. ಅಡುಗೆಮನೆಗೊಂದು ನ್ಯಾಯ, ಎದೆಗೊಂದು ನ್ಯಾಯ ಆಗಕೂಡದು. ಆದಕಾರಣ ಎಲ್ಲಾ ನೌಕರರ ಎಲ್ಲಾ ಜೀವಕೋಶಗಳಿಗೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ದೇಹವು ಸರ್ಕಾರಿ ವಸತಿಗೃಹದಲ್ಲಿ ವಾಸವಾಗಿದ್ದು, ಜೀವಕೋಶಗಳು ದೇಹದಲ್ಲಿ ವಾಸವಾಗಿರುವುದರಿಂದ, ಸದರಿ ಕೋಶಗಳನ್ನು ಒಳಬಾಡಿಗೆದಾರರೆಂದು ಪರಿಗಣಿಸಿ, ವಸತಿಗೃಹ ನಿಯಮಗಳನ್ನು ಅವುಗಳಿಗೂ ವಿಸ್ತರಿಸಲಾಗಿದೆ. ಬಾಡಿಗೆ ಮನೆಯಲ್ಲಿರುವ ನೌಕರರ ಕೋಶಗಳು ತಮಗೆ ಇದು ಸಂಬಂಧವಿಲ್ಲವೆಂದು ಕೂರತಕ್ಕದ್ದಲ್ಲ.

2. ಉಪ್ಪು ಬೇಕಾದ ಕೋಶವು ಪಕ್ಕದ ಕೋಶಕ್ಕೆ ಕೈಚಾಚದೆ, ತಲೆಗೆ (ಇನ್ನು ಮುಂದೆ 'ಪ್ರಧಾನ ಕಚೇರಿ') ಮೂರು ಪ್ರತಿಗಳಲ್ಲಿ ಕೋರಿಕೆ ಸಲ್ಲಿಸತಕ್ಕದ್ದು. ಮಂಜೂರಾದ ಉಪ್ಪನ್ನು ರಕ್ತವೆಂಬ ಅಧಿಕೃತ ಟಪಾಲಿನಲ್ಲಿ ಕಳುಹಿಸಿಕೊಡಲಾಗುವುದು. ಮೀನಖಂಡ ಹಿಡಿದುಕೊಂಡಿದೆ ಎಂಬ ಒಂದೇ ಕಾರಣಕ್ಕೆ ಲಕೋಟೆಯ ಮೇಲೆ 'ತುರ್ತು' ಎಂದು ಬರೆಯತಕ್ಕದ್ದಲ್ಲ.

3. ಅರ್ಧ ಕೊಳವೆ ಕಟ್ಟಿಕೊಂಡಿರುವ ಪ್ರತಿ ಕೋಶವೂ ತನ್ನ ಪಾಲಿನ ಅರ್ಧವನ್ನು ಸ್ವಂತ ಖರ್ಚಿನಲ್ಲಿ ಕೆಡವತಕ್ಕದ್ದು. ಒಂದು ಕೋಶ ಕೆಡವಿ ಪಕ್ಕದ್ದು ಕೆಡವದಿದ್ದಲ್ಲಿ, ಕೆಡವಿದ ಕೋಶವು ಆ ಕಡೆ ನೋಡದೆ ಬೆನ್ನು ತಿರುಗಿಸಿ ಕೂರತಕ್ಕದ್ದು. ಕೋಶಕ್ಕೆ ಬೆನ್ನು ಯಾವ ಕಡೆ ಇರುತ್ತದೆಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

4. ಹೃದಯದ ಕೋಶಗಳು ಪ್ರಧಾನ ಕಚೇರಿಯ ಆದೇಶಕ್ಕೆ ಕಾಯದೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಡಿಯುತ್ತಿರುವುದು ಸೇವಾ ನಿಯಮಗಳ ಉಲ್ಲಂಘನೆ. ಇನ್ನು ಮುಂದೆ ಬಡಿಯಬಯಸುವ ಕೋಶವು ಪ್ರತಿ ಬಡಿತಕ್ಕೂ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಈವರೆಗೆ ಬಡಿದಿದ್ದಕ್ಕೆ, ಮುಂದಿನ ದಿನಗಳಿಗೆ ಇದು ಪೂರ್ವನಿದರ್ಶನವಾಗಕೂಡದೆಂಬ ಷರತ್ತಿಗೊಳಪಟ್ಟು ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಎರಡನೇ ಶನಿವಾರಗಳಂದು ಬಡಿದಿದ್ದಕ್ಕೆ ಪರಿಹಾರ ರಜೆ ಕೇಳತಕ್ಕದ್ದಲ್ಲ.

5. ಹರಪನಹಳ್ಳಿಯು ಪಕ್ಕದ ಜಿಲ್ಲೆಗೆ ಸೇರಿಹೋಗಿರುವುದರಿಂದ, ಅಲ್ಲಿ ಹುಟ್ಟಿ ಇಲ್ಲಿ ಕೆಲಸ ಮಾಡುತ್ತಿರುವ ಶ್ರೀ ಓಬಳೇಶನ ಕೋಶಗಳು ಯಾವ ಜಿಲ್ಲೆಯವೆಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಹುಟ್ಟಿದಾಗಿನ ಕೋಶಗಳು ಆ ಕಡೆಗೂ, ಇಲ್ಲಿನ ಖಾನಾವಳಿಯಲ್ಲಿ ಉಂಡು ಬೆಳೆದ ಹೊಟ್ಟೆಯ ಕೋಶಗಳು ಈ ಕಡೆಗೂ ಸೇರತಕ್ಕವೆಂಬುದು ಈ ಕಚೇರಿಯ ತಾತ್ಕಾಲಿಕ ಅಭಿಪ್ರಾಯ. ಉತ್ತರ ಬರುವವರೆಗೆ ಅವನು ಆದಷ್ಟು ಅಲುಗಾಡದೆ ಇರತಕ್ಕದ್ದು.

6. ಜಠರದ ಕೋಶಗಳು ಊಟದ ಬಿಡುವಿಗೆ ಮುಂಚೆಯೇ ಒಂದಕ್ಕೊಂದು ಸುದ್ದಿ ಮುಟ್ಟಿಸಿ ಸಾಮೂಹಿಕವಾಗಿ ಸದ್ದು ಮಾಡುವುದನ್ನು ಮುಷ್ಕರವೆಂದು ಪರಿಗಣಿಸಲಾಗುವುದು. ಕೆಳಸಹಿದಾರರ ಜಠರವು ಇತ್ತೀಚೆಗೆ ಈ ಅಪರಾಧವನ್ನು ಪದೇಪದೇ ಎಸಗಿದೆ. ಕಾರಣವನ್ನು ಮುಂದಿನ ಕಂಡಿಕೆಗಳಲ್ಲಿ ನಮೂದಿಸಲಾಗಿದೆ.

7. ಕಿಂಡಿ ಮುಚ್ಚಿದ ತರುವಾಯ ಮನೆ 3ರಲ್ಲಿ ಹಾಲಿಗೆ ಹಾಕಲು ಹೆಪ್ಪಿಲ್ಲದಂತಾಯಿತು. ಶ್ರೀಮತಿ ಎರ್ರೆಮ್ಮನವರು ನಿಯಮಾನುಸಾರ, ಒಂದು ಚಮಚ ಹೆಪ್ಪು ಕೊಡಿಸಬೇಕೆಂದು ಕೆಳಸಹಿದಾರರ ಕಚೇರಿಗೆ ಅರ್ಜಿ ಕಳುಹಿಸಿದರು. ಅರ್ಜಿಯನ್ನು ಶಿಫಾರಸಿನೊಂದಿಗೆ ಚಾಲಕ ಶ್ರೀ ಜಮಾಲುದ್ದೀನರಿಗೆ ರವಾನಿಸಲಾಯಿತು. ಅವರು ಜೀಪಿನೊಂದಿಗೆ ಕೂಡ್ಲಿಗಿಗೂ, ಅಲ್ಲಿಂದ ಕೊಟ್ಟೂರಿಗೂ ಹೋಗಿದ್ದರಿಂದ ಅರ್ಜಿಯೂ ಅವರ ಜೇಬಿನಲ್ಲಿ ಸದರಿ ಊರುಗಳನ್ನು ಸುತ್ತಿತು. ಹೆಪ್ಪು ಮಂಜೂರಾಗಿ ಬರುವಷ್ಟರಲ್ಲಿ ಹಾಲು ಒಡೆದಿತ್ತು. ಗೋಡೆಯ ಆ ಕಡೆ, ಮೊಳದಷ್ಟು ದೂರದಲ್ಲಿ, ಗಡಿಗೆ ತುಂಬ ಮೊಸರಿತ್ತು. ಹಾಲು ಕಾಯದೆ ಒಡೆದಿರುವುದನ್ನು ಹಾಲಿನ ಬೇಜವಾಬ್ದಾರಿಯೆಂದು ದಾಖಲಿಸಲಾಗಿದೆ.

8. ಅಂದಿನಿಂದ ಶ್ರೀಮತಿ ಎರ್ರೆಮ್ಮನವರು ಇಲಾಖೆಯ ಆದೇಶವನ್ನು ಇಲಾಖೆಗೂ ಮೀರಿ ಪಾಲಿಸುತ್ತಿದ್ದಾರೆ. ಅಕ್ಕಪಕ್ಕದವರು ನೇರ ವ್ಯವಹಾರ ಮಾಡಕೂಡದೆಂದಿದ್ದು, ಕೆಳಸಹಿದಾರರು ಪಕ್ಕದಲ್ಲೇ ಕೂರುವವರಾದ್ದರಿಂದ, ಅವರೊಡನೆ ಮಾತನ್ನೇ ನಿಲ್ಲಿಸಿದ್ದಾರೆ. ರೊಟ್ಟಿ ತಟ್ಟಿ, ತಟ್ಟೆ ಇಟ್ಟು, ಬೀದಿ ಸುತ್ತಿಕೊಂಡು ಮನೆ 4ಕ್ಕೆ ಹೋಗಿಬಿಡುತ್ತಾರೆ. ಮದುವೆಯಾದಂದಿನಿಂದ ಅವರು ಹೊತ್ತುಹೊತ್ತಿಗೆ ಉಂಡಿರೇನೆಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಕೆಳಸಹಿದಾರರು ಎಂದೂ ಸರಿಯಾಗಿ ಉತ್ತರ ಕೊಟ್ಟಿದ್ದಿಲ್ಲ. ಪತ್ರಿಕೆಯಿಂದ ತಲೆ ಎತ್ತದೆ ಹೂಂಗುಟ್ಟುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಕೇಳದೆ ಉಂಡ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲವೆಂದು ಕಂಡುಬಂದಿದೆ. ಇದು ಕೆಳಸಹಿದಾರರಿಗೆ ಬಹಳ ನೋವಾಗಿರುವ ವಿಷಯ. ನೋವಿಗೆ ಪ್ರತ್ಯೇಕ ಕಡತ ತೆರೆಯಲಾಗಿದೆ.

9. ನಿನ್ನೆ ಮಧ್ಯಾಹ್ನ ಕೆಳಸಹಿದಾರರು ಕಿಂಡಿಯ ಸಿಮೆಂಟು ಬಿರುಕು ಬಿಟ್ಟಿದೆಯೇ ಎಂದು ತಪಾಸಣೆ ಮಾಡುವ ಸಲುವಾಗಿ, ಮತ್ತಾವ ಉದ್ದೇಶವೂ ಇಲ್ಲದೆ, ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಆ ಕಡೆಯಿಂದ ಶ್ರೀಮತಿ ಎರ್ರೆಮ್ಮನವರು ನಗುವುದು ಕೇಳಿಸಿತು. ಆ ನಗು ಈ ಕಡೆ ಕೇಳಿ ಬಹಳ ಕಾಲವಾಗಿತ್ತು. ಕೆಳಸಹಿದಾರರ ಕೈಯ ಕೋಶಗಳು ಪ್ರಧಾನ ಕಚೇರಿಯನ್ನು ಕೇಳದೆ ಸೌಟನ್ನು ಎತ್ತಿಕೊಂಡು ಗೋಡೆಗೆ ಬಡಿದವು. ನಗು ನಿಂತಿತು.

10. ಇಲ್ಲಿ ನಮೂದಿಸಬೇಕಾದ ಒಂದು ಅಂಶ ಬಿಟ್ಟುಹೋಗಿದೆ. ಉಲ್ಲೇಖ (2)ರ ವಿವರಣೆಯ ಹಿಂಬದಿಯಲ್ಲಿ, ಕೋಶಗಳು ಈ ಕಿಂಡಿಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದೂ ಉಂಟು, ಪಕ್ಕದ ಕೋಶ ಗಾಯಗೊಂಡು ಸತ್ತಾಗ, ಅದರ ಕೇಡು ತನಗೆ ತಗುಲದಿರಲೆಂದು, ಎಂಬ ಮಾತಿತ್ತು. ಹಿಂಬದಿಯನ್ನು ಓದುವ ಪದ್ಧತಿ ಈ ಕಚೇರಿಯಲ್ಲಿ ಇಲ್ಲದ್ದರಿಂದ ಓದಿರಲಿಲ್ಲ. ಸೊಸೆಯು ಇದನ್ನು ಅತ್ತೆಗೆ ಮನೆಯಲ್ಲಿ ಹೇಳಿದ್ದಳೆಂದು ತೋರುತ್ತದೆ. ಏಕೆಂದರೆ ಸೌಟಿನ ಸದ್ದಿಗೆ ಉತ್ತರವಾಗಿ ಶ್ರೀಮತಿ ಶಹಜಾನಬಿಯವರು ಗೋಡೆಯಾಚೆಯಿಂದ, ಸಿಟ್ಟಿಲ್ಲದೆ, ಹೀಗೆ ಕೇಳಿದರು:

"ನಾವೇನು ಸತ್ತೀವೇನ್ರಿ ಸಾಹೇಬ್ರ, ನೀವು ಕಿಂಡಿ ಮುಚ್ಚಾಕ?"

ಕೆಳಸಹಿದಾರರು ಸೌಟು ಕೆಳಗಿಟ್ಟು, ಕಚೇರಿಗೆ ಹೋಗಿ, ಸದರಿ ವಿವರಣೆಯ ಹಿಂಬದಿಯನ್ನು ತಿರುವಿ ಓದಿದರು. ಅವರಿಗೆ ನಾಚಿಕೆಯಾಗಿದ್ದು ನಿಜ.

11. ಆದ್ದರಿಂದ, 3 ಮತ್ತು 4ರ ನಡುವಿನ ಕಿಂಡಿಯನ್ನು ತಪಾಸಣೆಯ ನೆಪದಲ್ಲಿ (ತಿದ್ದುಪಡಿ: ನಿಮಿತ್ತ) ತೆರೆಯಲು ಆದೇಶಿಸಲಾಯಿತು. ಶ್ರೀ ಜಮಾಲುದ್ದೀನರು ಜೀಪಿನ ಜಾಕ್ ರಾಡಿನಿಂದ ಇಂದು ಬೆಳಿಗ್ಗೆ ಎರಡು ಪಟ್ಟಿನ ಸಿಮೆಂಟನ್ನೂ ಕೆಡವಿರುತ್ತಾರೆ. ಕಿಂಡಿಯು ಮುಂದಿನ ಆದೇಶದವರೆಗೆ ತೆರೆದಿರತಕ್ಕದ್ದು. ಮುಂದಿನ ಆದೇಶ ಹೊರಡಿಸಲಾಗುವುದಿಲ್ಲ. ಸಾಲಿನ ಉಳಿದ ಕಿಂಡಿಗಳವರೂ ತಮ್ಮತಮ್ಮ ರಾಡುಗಳನ್ನು ತಾವೇ ಹೊಂದಿಸಿಕೊಳ್ಳತಕ್ಕದ್ದು.

12. ಕಂಡಿಕೆ 1ರಿಂದ 6ರವರೆಗಿನ ಸೂಚನೆಗಳು ಯಥಾವತ್ತಾಗಿ ಜಾರಿಯಲ್ಲಿರುತ್ತವೆ; ಪಾಲಿಸುವ ಅಗತ್ಯವಿರುವುದಿಲ್ಲ. ಶ್ರೀ ಓಬಳೇಶನ ವರ್ಗಾವಣೆ ಕಡತವು ಕಪಾಟಿನ ಹಿಂದೆ ಬಿದ್ದಿದ್ದು, ಕಪಾಟು ಬಹಳ ಭಾರವಾಗಿರುತ್ತದೆ. ಅವನು ಅಲುಗಾಡಬಹುದು.

13. ಕಿಂಡಿ ತೆರೆದ ಕೂಡಲೇ ಅದರಲ್ಲಿ ಮೊದಲು ಬಂದದ್ದು ಸಿಮೆಂಟಿನ ಧೂಳು. ಎರಡನೆಯದು ಒಂದು ಬಟ್ಟಲು ಹೆಪ್ಪು. ಮೂರನೆಯದಾಗಿ, ಶ್ರೀಮತಿ ಎರ್ರೆಮ್ಮನವರ ಮುಖವು ಕಿಂಡಿಯ ಅಳತೆಗೆ ಹಿಡಿಸುವಷ್ಟು ಮಾತ್ರ ಕಾಣಿಸಿ, ಅದರಿಂದ ಕೆಳಕಂಡ ಪ್ರಶ್ನೆ ಬಂದಿರುತ್ತದೆ:

"ಏನ್ರೀ, ಉಂಡ್ರೇನು?"

ಆ ಕ್ಷಣ ಕೆಳಸಹಿದಾರರ ಹೃದಯದ ಸಮಸ್ತ ಕೋಶಗಳೂ ಪ್ರಧಾನ ಕಚೇರಿಗೆ ತಿಳಿಸದೆ, ತಮ್ಮತಮ್ಮಲ್ಲೇ ಸುದ್ದಿ ಮುಟ್ಟಿಸಿಕೊಂಡು, ಎಲ್ಲವೂ ಕೂಡಿ ಒಮ್ಮೆಲೇ ಜಿಗಿದವು. ಇದಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

(ಸಹಿ)
ಬೆನಕಪ್ಪ
ಪ್ರಭಾರ ಅಧೀಕ್ಷಕರು
(ಸಹಿಯ ಮೇಲಿನ ಕಲೆ ಮೊಸರಿನದು, ಸಹಿ ಅಸಲಿಯಿದೆ)

ಪ್ರತಿಗಳು:

1. ಎಲ್ಲಾ ನೌಕರರ ಎಲ್ಲಾ ಜೀವಕೋಶಗಳಿಗೆ, ಒಂದೊಂದು ಪ್ರತಿ. ಕಾಗದ ಸಾಲದಿದ್ದಲ್ಲಿ ಒಂದು ಕೋಶವು ಓದಿ ಪಕ್ಕದ ಕೋಶಕ್ಕೆ ದಾಟಿಸತಕ್ಕದ್ದು.
2. ಶ್ರೀ ಓಬಳೇಶ, ದ್ವಿತೀಯ ದರ್ಜೆ ಸಹಾಯಕ. ಇವನಿಗೆ ವಿಷಯ ಈಗಾಗಲೇ ಗೊತ್ತಿದೆ.
3. ಶ್ರೀ ಜಮಾಲುದ್ದೀನ, ಜೀಪು ಚಾಲಕರು. ಜಾಕ್ ರಾಡನ್ನು ಜೀಪಿಗೆ ಹಿಂತಿರುಗಿಸುವ ಸೂಚನೆಯೊಂದಿಗೆ.
4. ಶ್ರೀಮತಿ ಖುಷ್ನುಮಾ, ವಿಜ್ಞಾನ ಶಿಕ್ಷಕಿ. ಹೃದಯದ ಚಿತ್ರವನ್ನು ಈ ಕಚೇರಿಯಲ್ಲೇ ಇರಿಸಿಕೊಳ್ಳಲಾಗಿದೆ.
5. ಶ್ರೀಮತಿ ಶಹಜಾನಬಿ, ಮನೆ 4. ತಾವು ಚೆನ್ನಾಗಿ ಬದುಕಿರುವುದನ್ನು ಇಲಾಖೆ ಸಂತೋಷದಿಂದ ಗಮನಿಸಿದೆ.
6. ಶ್ರೀಮತಿ ಎರ್ರೆಮ್ಮ, ಮನೆ 3 (ಸದ್ಯ ಮನೆ 4ರಲ್ಲಿ), ಕಿಂಡಿಯ ಮೂಲಕ. ತಮ್ಮ ಪ್ರಶ್ನೆಗೆ ಉತ್ತರ: ಇನ್ನೂ ಉಂಡಿಲ್ಲ.