ಇಪ್ಪತ್ತೈದು ದಾಟಿದ ಮುಖ

ಮರಿಗೆ ವಯಸ್ಸು ಮೂವತ್ತೊಂಬತ್ತು. ಆದರೆ ಅವನ ಮುಖಕ್ಕೆ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಉಬ್ಬಿದ ಕೆನ್ನೆ, ಈಗಷ್ಟೇ ನಿದ್ದೆಯಿಂದ ಎದ್ದಂಥ ಕಣ್ಣು, ಮೀಸೆ ಇರಬೇಕಾದ ಜಾಗದಲ್ಲಿ ಪೀಚ್ ಹಣ್ಣಿನ ಮೇಲಿರುವಷ್ಟು ನವಿರು. ಫೋಟೊ ಸ್ಟುಡಿಯೊದಲ್ಲಿ ದೀಪ ಹಿಡಿಯುವ ಕೆಲಸಕ್ಕೆ ಸೇರಿದ ದಿನವೇ ಎಲ್ಲರೂ ಅವನಿಗೆ ‘ಮರಿ’ ಎಂದು ಹೆಸರಿಟ್ಟರು. ವರ್ಷಗಳು ಉರುಳಿದವು. ಹೆಸರೂ ಬೆಳೆಯಲಿಲ್ಲ, ಮುಖವೂ ಬೆಳೆಯಲಿಲ್ಲ.

ಇದರಿಂದ ಮರಿಗೆ ತೊಂದರೆಯೇನೂ ಇರಲಿಲ್ಲ. ತೊಂದರೆ ಇದ್ದದ್ದು ಅವನ ಹೆಂಡತಿಗೆ. ಅವಳು ಅವನಿಗಿಂತ ಚಿಕ್ಕವಳೇ. ಆದರೂ ಹೋದ ವಾರ ಬಟ್ಟೆ ಅಂಗಡಿಯವನು, "ಅಕ್ಕಾ, ನಿಮ್ಮ ತಮ್ಮನಿಗೆ ಈ ನೀಲಿ ಶರ್ಟು ಚೆನ್ನಾಗಿ ಒಪ್ಪುತ್ತೆ" ಎಂದುಬಿಟ್ಟ. ಅವಳು ಶರ್ಟನ್ನು ಅಲ್ಲೇ ಬಿಟ್ಟು ಹೊರಟಳು. ಮನೆಗೆ ಬಂದ ಮೇಲೆ ಹೇಳಿದಳು: "ನೀವು ನನ್ನ ಗಂಡ ಅಂತ ಊರಿಗೆಲ್ಲ ಗೊತ್ತಾಗೋವರೆಗೂ ನಿಮ್ಮ ಜೊತೆ ಬೀದಿಗೆ ಕಾಲಿಡೋದಿಲ್ಲ."

ಅಂದಿನಿಂದ ಸಂಜೆಯ ತಿರುಗಾಟ ನಿಂತಿತು. ಅವಳ ಪಕ್ಕ ಅದೂ ಇದೂ ಮಾತಾಡುತ್ತ ನಡೆಯುವುದೇ ಮರಿಯ ದಿನದ ಸುಖವಾಗಿತ್ತು. ಅದು ತಪ್ಪಿಹೋಗಿ ಅವನು ಸೊರಗಿದ. ಸೊರಗಿದ್ದರಿಂದ ಇನ್ನೂ ಎಳೆಯವನಾಗಿ ಕಂಡ.

ಹೀಗಿರುವಾಗ ಒಂದು ಬೆಳಿಗ್ಗೆ, ಬಿಯರ್ ಜಾಹೀರಾತಿಗೆ ನಿಲ್ಲಬೇಕಿದ್ದ ಮಾಡೆಲ್‌ಗೆ ಹಲ್ಲುನೋವು ಬಂದು ಒಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಛಾಯಾಗ್ರಾಹಕ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಅವನ ಕಣ್ಣು ದೀಪದ ಹಿಂದೆ ನಿಂತಿದ್ದ ಮರಿಯ ಮೇಲೆ ಬಿತ್ತು.

"ಮರೀ, ಆ ಕೋಟು ಹಾಕ್ಕೋ. ಗ್ಲಾಸ್ ಹಿಡ್ಕೊಂಡು ಇಲ್ಲಿ ನಿಂತ್ಕೋ."

ಮರಿ ಓಡಿಹೋಗಿ ಕೋಟು ತೊಟ್ಟ. ರಸ್ತೆ ರಸ್ತೆಯಲ್ಲಿ ಅವನ ಚಿತ್ರ! ಮೈಮೇಲೆ ಕೋಟು, ಕೈಯಲ್ಲಿ ಗ್ಲಾಸು! ಇನ್ನು ಯಾವನು ತಮ್ಮ ಅನ್ನುತ್ತಾನೋ ನೋಡೋಣ! ಬಿಯರಿನ ರುಚಿ ಅವನಿಗೆ ಗೊತ್ತಿರಲಿಲ್ಲ, ನಿಜ. ಆದರೆ ಗ್ಲಾಸು ಹಿಡಿಯುವುದಕ್ಕೆ ರುಚಿ ಯಾಕೆ ಗೊತ್ತಿರಬೇಕು?

ಅಷ್ಟರಲ್ಲಿ ಜಾಹೀರಾತು ಪರಿಶೀಲನೆಯ ಕಚೇರಿಯಿಂದ ಪರೀಕ್ಷಕಿ ಬಂದರು. ಹೆಂಡದ ಜಾಹೀರಾತು ಎಳೆಯರನ್ನು ಕೆಡಿಸದಂತೆ ನೋಡಿಕೊಳ್ಳುವುದು ಅವರ ಕೆಲಸ. ಮರಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಯಾರ್ರೀ ಈ ಹುಡುಗನ ಕೈಗೆ ಗ್ಲಾಸ್ ಕೊಟ್ಟಿದ್ದು?"

ಮರಿ ಗುರುತಿನ ಚೀಟಿ ತೆಗೆದು ತೋರಿಸಿದ. "ಮೇಡಂ, ನನಗೆ ಮೂವತ್ತೊಂಬತ್ತು."

"ಇರಬಹುದಪ್ಪ. ಆದರೆ ನಿಯಮ ಏನು ಹೇಳುತ್ತೆ? ಇಪ್ಪತ್ತೈದು ದಾಟಿದ್ರೆ ಸಾಲದು, ದಾಟಿದ ಹಾಗೆ ಕಾಣಬೇಕು. ಇಲ್ಲದಿದ್ರೆ ಶಾಲೆ ಹುಡುಗರು ನಿಮ್ಮನ್ನ ನೋಡಿ, ನಮ್ಮ ವಾರಿಗೆಯವನೇ ಕುಡೀತಿದಾನೆ, ನಾವೂ ಕುಡಿಯೋಣ ಅಂದ್ಕೋತಾರೆ. ಮಧ್ಯಾಹ್ನ ಮತ್ತೆ ಬರ್ತೀನಿ. ಅಷ್ಟರಲ್ಲಿ ಬೇರೆಯವರನ್ನ ಹುಡುಕಿ."

ಬೇರೆಯವರು ಸಿಗುವ ಹಾಗಿರಲಿಲ್ಲ. ಮರಿಗಂತೂ ಬೇರೆಯವರು ಬೇಕೂ ಇರಲಿಲ್ಲ. "ನನ್ನನ್ನೇ ದೊಡ್ಡವನನ್ನಾಗಿ ಮಾಡಿ" ಎಂದು ಮೇಕಪ್ ಅಕ್ಕನಿಗೆ ದುಂಬಾಲು ಬಿದ್ದ. ಅಕ್ಕ ಒಂದು ದಪ್ಪ ಮೀಸೆ ಅಂಟಿಸಿದಳು. ಶಾಲೆಯ ನಾಟಕದಲ್ಲಿ ಪೊಲೀಸಿನ ವೇಷ ಹಾಕಿದ ಹುಡುಗನಂತೆ ಕಂಡ. ಕೆನ್ನೆಗೆ ನಾಲ್ಕು ಗೆರೆ ಎಳೆದಳು. ಅದೇ ಹುಡುಗ ಮುಖ ತೊಳೆಯದೆ ಬಂದಂತೆ ಕಂಡ.

"ತಲೆ ಬೆಳ್ಳಗೆ ಮಾಡಮ್ಮ" ಎಂದರು ಲೆಕ್ಕದ ಕೋಣೆಯಿಂದ ಎದ್ದು ಬಂದ ಗುಮಾಸ್ತರು. ಅವರನ್ನು ಯಾರೂ ಕರೆದಿರಲಿಲ್ಲ. "ಹೊಟ್ಟೆಗೊಂದು ದಿಂಬು ಕಟ್ಟು. ಏಯ್ ಮರಿ, ಕೂರುವಾಗ ‘ಅಯ್ಯಪ್ಪಾ’ ಅನ್ನು. ಏಳುವಾಗ ಮಂಡಿ ಹಿಡ್ಕೋ. ನಲವತ್ತಾದ ಮೇಲೆ ಗಂಡಸು ಸುಮ್ಮನೆ ಏಳೋದಿಲ್ಲ."

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಗಡ್ಡವಿಲ್ಲದೆ ಆಗುವುದಿಲ್ಲವೆಂದ. ಛಾಯಾಗ್ರಾಹಕ ಕನ್ನಡಕ ಬೇಕೇ ಬೇಕೆಂದ. ತಲೆಗೊಂದು ಸಲಹೆ ಕೊಡುತ್ತ ಹೋದರು, ಅಕ್ಕ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಕೊನೆಗೆ ಕನ್ನಡಿಯಲ್ಲಿ ಕಂಡದ್ದು ಹಾಲಿನಂಥ ಗಡ್ಡ, ಗುಂಡು ಹೊಟ್ಟೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಒಬ್ಬ ಮುದುಕ. ಇಪ್ಪತ್ತೈದೇನು, ಎಪ್ಪತ್ತನ್ನೂ ದಾಟಿದ್ದ. ಮರಿ ಹಿರಿಹಿರಿ ಹಿಗ್ಗಿದ.

ಆಗಲೇ ಬಂತು ಗ್ರಹಚಾರ. ಅದೇ ಸ್ಟುಡಿಯೊದಲ್ಲಿ ಮಧ್ಯಾಹ್ನ ಸೋಪಿನ ಜಾಹೀರಾತಿತ್ತು. ಅದಕ್ಕೆ ಕರೆಸಿದ್ದ ಪುಟಾಣಿಗಳ ದಂಡು ಹೊರಗೆ ಕಾದು ಕಾದು ಬೇಸತ್ತು, ಅಮ್ಮಂದಿರ ಕೈ ಕೊಸರಿಕೊಂಡು ಒಳಗೆ ನುಗ್ಗಿತು. ನುಗ್ಗಿದ್ದೇ ತಡ, ಮರಿಯನ್ನು ಕಂಡಿತು.

"ತಾತಾ!"

ಒಂದು ಮಗು ತೊಡೆ ಏರಿತು. ಇನ್ನೊಂದು ದಿಂಬಿನ ಹೊಟ್ಟೆಗೆ ಗುದ್ದಿ ಕೇಕೆ ಹಾಕಿತು. "ತಾತಾ, ಕತೆ ಹೇಳು!" ಎಂದು ಮತ್ತೊಂದು ಗಡ್ಡಕ್ಕೆ ಜೋತುಬಿತ್ತು. "ಹೋಗ್ರೋ ಆಚೆ!" ಎಂದು ಮರಿ ಕಣ್ಣು ಕೆಕ್ಕರಿಸಿ ಗದರಿದ. ಮಕ್ಕಳು ಬಿದ್ದು ಬಿದ್ದು ನಕ್ಕು, "ಇನ್ನೊಂದ್ಸಲ ಹಾಗ್ಮಾಡು ತಾತಾ!" ಎಂದರು.

ಸರಿಯಾಗಿ ಆ ಹೊತ್ತಿಗೆ ಪರೀಕ್ಷಕಿ ಒಳಗೆ ಬಂದರು. ಒಂದು ಕ್ಷಣ ನೋಡಿ ಹೇಳಿದರು: "ಮಕ್ಕಳ ಮನಸ್ಸನ್ನ ಸೆಳೆಯೋ ಪಾತ್ರ ಹೆಂಡದ ಜಾಹೀರಾತಿನಲ್ಲಿ ಇರೋ ಹಾಗಿಲ್ಲ. ಈ ತಾತ ನಡೆಯೋದಿಲ್ಲ."

ಮರಿಗೆ ದುಃಖ ಉಕ್ಕಿ ಬಂತು. ಗಡ್ಡ ಕಿತ್ತು ಜೇಬಿಗೆ ತುರುಕಿದ, ಮುಖ ತೊಳೆದು ಬಂದ, ಬಟ್ಟೆ ಅಂಗಡಿಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡ. "ಕೈಯಲ್ಲಿ ಗ್ಲಾಸ್ ಇದ್ರೆ ದೊಡ್ಡ ಗಂಡಸು ಅಂತ ಜನ ನಂಬ್ತಾರೆ ಮೇಡಂ..."

"ಕುಡಿದ್ರೆ ದೊಡ್ಡ ಗಂಡಸಾಗ್ತಾರೆ ಅಂತ ತೋರಿಸೋದು ಎಲ್ಲಕ್ಕಿಂತ ದೊಡ್ಡ ತಪ್ಪು ಕಣ್ರೀ" ಎಂದರು ಪರೀಕ್ಷಕಿ. ಆದರೆ ಅವನ ತೊಳೆದ ಮುಖ ನೋಡಿ ಕರಗಿದರು. ಏನೋ ಹೊಳೆದಂತೆ ಕೇಳಿದರು: "ನಮ್ಮ ಕಚೇರಿಯದ್ದೇ ಒಂದು ಪೋಸ್ಟರ್ ಇದೆ. ಸಂಜೆಯೊಳಗೆ ಊರಿನ ಎಲ್ಲ ವೈನ್ ಅಂಗಡಿಗಳಲ್ಲಿ ಅಂಟಿಸಬೇಕು. ಚಿತ್ರಕ್ಕೆ ನಿಲ್ತೀರಾ?"

ಎಲ್ಲ ವೈನ್ ಅಂಗಡಿಗಳಲ್ಲಿ! ಏನು ಪೋಸ್ಟರು ಎಂದು ಮರಿ ಕೇಳಲಿಲ್ಲ. ಬಾಟಲಿಯ ಕಡೆ ಆಸೆಯಿಂದ ನೋಡಿ ಎಂದರೆ ನೋಡಿದ. ಅದನ್ನು ಯಾರೋ ಕಸಿದುಕೊಂಡ ಹಾಗೆ ಮುಖ ಬಾಡಿಸಿ ಎಂದರೆ ಬಾಡಿಸಿದ. ಆಮೇಲೆ ಹೆಂಡತಿಗೆ ಫೋನ್ ಮಾಡಿದ: "ಸಂಜೆ ರೆಡಿಯಾಗಿರು. ಊರಿನ ವೈನ್ ಅಂಗಡಿಗಳಲ್ಲೆಲ್ಲ ನಿನ್ನ ಗಂಡನ ಫೋಟೊ!"

ಅವಳು ಹೊಸ ಬಟ್ಟೆ ಹಾಕಿಕೊಂಡು ಬಂದಳು. ವಾರದ ಮೇಲೆ ಇಬ್ಬರೂ ಜೊತೆಯಾಗಿ ನಡೆದರು. ಮರಿಯ ಕಾಲು ನೆಲದ ಮೇಲಿರಲಿಲ್ಲ. ಮೂಲೆಯ ಅಂಗಡಿಯ ಗೋಡೆಯ ಮೇಲೆ, ದೂರದಿಂದಲೇ, ಅವನ ಮುಖ ಕಂಡಿತು. ಹತ್ತಿರ ಹೋದಾಗ ಕೆಳಗಿನ ಅಕ್ಷರಗಳೂ ಕಂಡವು: ‘ಈ ವಯಸ್ಸಿನವರಿಗೆ ಇಲ್ಲಿ ಮದ್ಯ ಮಾರುವುದಿಲ್ಲ.’

"ಏಯ್, ನಿನ್ನ ಫೋಟೊನೇ ಹಾಕಿದಾರೆ, ಆದರೂ ಬಂದಿದೀಯಲ್ಲೋ!" ಎಂದು ಅಂಗಡಿಯವನು ಗದರಿದ. ಮರಿ ತಡಬಡಿಸಿ ಗುರುತಿನ ಚೀಟಿ ಚಾಚಿದ. "ಓಹೋ, ಅಪ್ಪನ ಚೀಟಿ ಬೇರೆ ತಂದಿದೀಯಾ?" ಎಂದು ಅಂಗಡಿಯವನು ಅವನ ಹೆಂಡತಿಯ ಕಡೆ ತಿರುಗಿ ಕೈಮುಗಿದ. "ತಾಯೀ, ಹೆತ್ತವರೇ ಮಗನನ್ನ ಇಲ್ಲಿಗೆ ಕರ್ಕೊಂಡು ಬಂದ್ರೆ ನಾವೇನು ಮಾಡೋಣ?"

ಅಕ್ಕನ ಸ್ಥಾನದಿಂದ ತಾಯಿಯ ಸ್ಥಾನಕ್ಕೇರಿದ ಅವಳು ಬಿರಬಿರನೆ ಹೊರಟಳು. ಮರಿ ಹಿಂದೆಯೇ ಓಡಿದ. "ಎಲ್ಲ ವೇಷ ಹಾಕಿ ನೋಡಿದೆ ಕಣೇ! ನೋಡು, ಗಡ್ಡ ಇನ್ನೂ ಜೇಬಲ್ಲೇ ಇದೆ" ಎಂದು ಅದನ್ನು ಹೊರತೆಗೆದ.

ಅವಳು ನಿಂತಳು. "ಹಾಕ್ಕೊಳ್ಳಿ."

ಹಾಕಿಕೊಂಡ. ಅಂಟು ಇನ್ನೂ ಒಣಗಿರಲಿಲ್ಲ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎದುರಿಗೆ ಬಂದ ಅಪರಿಚಿತ ಹೆಂಗಸೊಬ್ಬಳು ಅವಳ ಗಲ್ಲ ಮುಟ್ಟಿ, "ಅಪ್ಪನನ್ನ ಎಷ್ಟು ಚೆನ್ನಾಗಿ ನೋಡ್ಕೋತೀಯಮ್ಮ. ಕಾಲೇಜಿಗೆ ಹೋಗ್ತಿದೀಯಾ?" ಎಂದಳು.

ಹೆಂಡತಿಯ ಮುಖ ದೀಪ ಹಚ್ಚಿದಂತೆ ಬೆಳಗಿತು. ಮರಿಯ ತೋಳಿಗೆ ತೋಳು ಸೇರಿಸಿದಳು. "ಇನ್ಮೇಲೆ ದಿನಾ ಸಂಜೆ ವಾಕಿಂಗ್ ಹೋಗೋಣ ರೀ. ಆದರೆ ಗಡ್ಡ ಮರೀಬೇಡಿ."

ಮರಿಗೆ ಗಲ್ಲವೆಲ್ಲ ತುರಿಸುತ್ತಿತ್ತು. ಕೆರೆದುಕೊಳ್ಳಲು ಅವಳು ಬಿಡಲಿಲ್ಲ.