ನನ್ನ ಹೆಂಡತಿಯ ಬಾಯಿ ಕಟ್ಟಿದ ಕೈಪಟ್ಟಿಯವರಿಗೆ

ಮಾನ್ಯ ಕೈಪಟ್ಟಿ ಮಹಾಶಯರೇ,

ನನ್ನ ಎಡ ಮುಂಗೈಯನ್ನು ಅಲಂಕರಿಸಿ, ಹಗಲಿರುಳೂ ನನ್ನ ನಾಡಿ ಹಿಡಿದು ಕುಳಿತಿರುವ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೋ ತಿಳಿಯದಿದ್ದರೂ, ಸಾಷ್ಟಾಂಗ ನಮಸ್ಕಾರಗಳು. ಬಗ್ಗಿದರೆ ತಾವು ಕೂಗಿಕೊಳ್ಳುತ್ತೀರಾದ್ದರಿಂದ ಕುರ್ಚಿಯಲ್ಲಿ ಕುಳಿತೇ ನಮಸ್ಕರಿಸಿದ್ದೇನೆ, ಕ್ಷಮಿಸಬೇಕು.

ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೂಗಿಯೇ ಬದುಕಿದ ನನಗೆ ಹೃದಯಾಘಾತವಾಗಿ, ಆಸ್ಪತ್ರೆಯವರು ಎದೆಯ ರಿಪೇರಿ ಮುಗಿಸಿ, ಚೇತರಿಕೆಯ ವ್ಯಾಯಾಮಕ್ಕೆ ಇಲ್ಲಿಯವರೆಗೆ ಬರುವುದು ಬೇಡ, ಮನೆಯಲ್ಲೇ ಮಾಡಿ, ನಾವು ದೂರದಿಂದಲೇ ನೋಡಿಕೊಳ್ಳುತ್ತೇವೆ ಎಂದು, ಎದೆಬಡಿತ ಅಳೆಯುವ ತಮ್ಮನ್ನು ಕೈಗೆ ಕಟ್ಟಿ ಕಳುಹಿಸಿದರು. ಅಂದಿನಿಂದ ಬೆಳಿಗ್ಗೆ ನನ್ನ ಫೋನಿನ ಪರದೆಯಲ್ಲಿ ವ್ಯಾಯಾಮದ ಹುಡುಗಿ ಪ್ರತ್ಯಕ್ಷಳಾಗಿ ಕೈ ಎತ್ತಿ ಎಂದರೆ ಎತ್ತುತ್ತೇನೆ, ಬೀಸಿ ಎಂದರೆ ಬೀಸುತ್ತೇನೆ. ಎದುರು ಮನೆಯ ನಿವೃತ್ತ ಮೇಷ್ಟರು ಇದನ್ನು ಕಿಟಕಿಯಿಂದ ನೋಡಿ, ತಮಗೇ ಕೈ ಬೀಸುತ್ತಿದ್ದೇನೆಂದು ಭಾವಿಸಿ, ಸೌಜನ್ಯಕ್ಕೆ ಮರಳಿ ಬೀಸಿ ಬೀಸಿ ಈಗ ಭುಜ ಹಿಡಿದುಕೊಂಡು ಮಲಗಿದ್ದಾರೆ. ಈ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರಿರುವುದು ತಮ್ಮ ಚಾಡಿಬುದ್ಧಿಯ ಬಗ್ಗೆ, ಕ್ಷಮಿಸಿ, ಕರ್ತವ್ಯನಿಷ್ಠೆಯ ಬಗ್ಗೆ. ಎದೆಬಡಿತ ತುಸು ಏರಿದರೆ ಸಾಕು, ತಾವು ನನ್ನ ಹೆಂಡತಿಯ ಫೋನಿಗೂ ಅಕ್ಕನ ಫೋನಿಗೂ ಒಟ್ಟಿಗೇ ದೂರು ಕೊಡುತ್ತೀರಿ. ಮೊನ್ನೆ ನಾನು ಸೀನಿದ್ದಕ್ಕೆ ಅಕ್ಕ ಫೋನ್ ಮಾಡಿ, ಹಲೋ ಎನ್ನುವ ಮೊದಲೇ ಗೋಳೋ ಎಂದು ಅತ್ತಳು. ಬದುಕಿದ್ದೇನೆ ಮಾರಾಯ್ತಿ ಎಂದು ಅವಳನ್ನು ನಂಬಿಸುವಷ್ಟರಲ್ಲಿ ನನ್ನ ಬಡಿತ ಇನ್ನಷ್ಟು ಏರಿ, ತಾವು ಇನ್ನೊಂದು ದೂರು ಕಳುಹಿಸಿ, ಅವಳು ಇನ್ನೊಂದು ಸುತ್ತು ಅತ್ತಳು.

ಇದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ತಾವು ನನ್ನ ಹೆಂಡತಿಯ ಬಾಯಿಯನ್ನೇ ಕಟ್ಟಿಹಾಕಿದ್ದೀರಿ. ಫ್ಯಾನು ಜೋರಿರಬೇಕೋ ನಿಧಾನವಿರಬೇಕೋ, ಒದ್ದೆ ಟವೆಲ್ಲು ಬಾಗಿಲ ಮೇಲೋ ಹಗ್ಗದ ಮೇಲೋ ಎಂಬ ಘನ ವಿಷಯಗಳ ಮೇಲೆ ಮದುವೆಯಾದಂದಿನಿಂದ ನಾವಿಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದೆವು. ಇಡೀ ಮಾರುಕಟ್ಟೆಯ ಬಾಯಿ ಮುಚ್ಚಿಸುತ್ತಿದ್ದ ನಾನು ಮನೆಯಲ್ಲಿ ಒಮ್ಮೆಯೂ ಗೆದ್ದವನಲ್ಲ. ಈಗ ನಾನು ಮಾತೆತ್ತಿದರೆ ಅವಳು ಮೊದಲು ಫೋನು ನೋಡುತ್ತಾಳೆ, ಆಮೇಲೆ "ಹೌದು ರೀ, ನೀವು ಹೇಳೋದೇ ಸರಿ" ಎನ್ನುತ್ತಾಳೆ. ಪರೀಕ್ಷೆ ಮಾಡೋಣವೆಂದು ಅವಳ ಅಣ್ಣ ಶುದ್ಧ ದಡ್ಡ ಎಂದೆ. ಒಲೆಯ ಪಕ್ಕ ಆನಿಸಿಟ್ಟ ಫೋನಿನಲ್ಲಿ ನನ್ನ ನಾಡಿ ನೋಡುತ್ತಾ, ಸೌಟು ತಿರುಗಿಸುತ್ತಾ, "ಹೌದು ರೀ" ಎಂದುಬಿಟ್ಟಳು! ಆಸ್ಪತ್ರೆಯ ಮಂಚದ ಮೇಲೂ ಹೆದರದ ನಾನು ಅವತ್ತು ಹೆದರಿದೆ. ನನ್ನ ಮುಖ ನೋಡುವುದನ್ನೇ ಅವಳು ಬಿಟ್ಟಿದ್ದಾಳೆ, ಮಹಾಶಯರೇ.

ಆದ್ದರಿಂದ ಕೈ ಮುಗಿದು ಬೇಡುವುದೇನೆಂದರೆ, ಜಗಳವನ್ನು ವ್ಯಾಯಾಮಗಳ ಪಟ್ಟಿಗೆ ಸೇರಿಸುವ ಕೃಪೆ ಮಾಡಬೇಕು. ಅದಕ್ಕೆ ಮುನ್ನ ಕುತ್ತಿಗೆ ಸಡಿಲಿಸುವುದನ್ನೂ ನಂತರ ಕಾಲು ಚಾಚುವುದನ್ನೂ ಹುಡುಗಿಯಿಂದ ಹೇಳಿಕೊಡಿಸಬೇಕು. ಅದಾಗದಿದ್ದರೆ ಫ್ಯಾನಿನ ವಿಷಯದಲ್ಲಿ ದಿನಕ್ಕೊಮ್ಮೆಯಾದರೂ ತಾವೇ ನನಗೆ ಎದುರು ಮಾತಾಡಬೇಕು.

ಇಷ್ಟು ಬರೆಯುವಷ್ಟರಲ್ಲಿ ವ್ಯಾಯಾಮದ ಹೊತ್ತಾಯಿತೆಂದು ಎದ್ದು ಹೋಗಿ ಬಂದೆ. ಪರದೆಯಿಂದಲೇ ನನ್ನನ್ನು ಹಜಾರದಲ್ಲಿ ಅತ್ತಿಂದಿತ್ತ ನಡೆಸುತ್ತಿದ್ದ ಹುಡುಗಿ, "ಅಂಕಲ್, ನಡೀತಾ ಮಾತಾಡಿ. ಪೂರ್ತಿ ವಾಕ್ಯ ಹೇಳೋಕಾದ್ರೆ ವೇಗ ಸರಿಯಾಗಿದೆ ಅಂತ. ಆಂಟಿ, ನೀವೇನಾದ್ರೂ ಕೇಳಿ" ಎಂದಳು. ಹೆಂಡತಿ ತನ್ನ ಫೋನು ಹಿಡಿದು ಪಕ್ಕದಲ್ಲೇ ನಡೆಯುತ್ತಾ ಸುಸ್ತಾಯ್ತಾ ಎಂದಳು, ಇಲ್ಲ ಎಂದೆ. ನೀರು ಬೇಕಾ ಎಂದಳು, ಬೇಡ ಎಂದೆ. "ಹಾಗಲ್ಲ ಆಂಟಿ, ಉದ್ದ ಉತ್ತರ ಬರೋ ಹಾಗೆ ಕೇಳಿ" ಎಂದಳು ಹುಡುಗಿ.

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಶುರುವಾಯಿತು ನೋಡಿ! "ನಮ್ಮಣ್ಣ ದಡ್ಡ ಅಂದ್ರಲ್ಲ, ನಿಮಗೇನ್ರೀ ಬುದ್ಧಿ ಇತ್ತು? ಎದೆ ಹಿಂಡ್ತಿದ್ರೂ ಗ್ಯಾಸು ಗ್ಯಾಸು ಅಂತ ಸೋಡಾ ಕುಡ್ಕೊಂಡು ಕೂತಿದ್ರಲ್ಲ! ಏನಾದ್ರೂ ಆಗಿಬಿಟ್ಟಿದ್ರೆ ನಾನು ಯಾರ ಹತ್ರ ಜಗಳ ಆಡ್ಬೇಕಿತ್ತು, ಹೇಳಿ!"

ತಾವು ಕಿರುಚಿಕೊಂಡಿರಿ. ಅವಳು ಫೋನನ್ನು ಸೋಫಾದ ಮೇಲೆಸೆದು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನ್ನ ಕಾಲುಗಳು ಅಲ್ಲೇ ನಿಂತವು. "ನಿಲ್ಲಬೇಡಿ ಅಂಕಲ್, ಉತ್ತರ ಕೊಡ್ತಾ ನಡೀರಿ" ಎಂದಳು ಹುಡುಗಿ. ಕೊಟ್ಟೆ. ಏನೆಂದು ಮಾತ್ರ ತಮಗೆ ತಿಳಿಸಲಾರೆ, ತಾವು ಊರಿಗೆಲ್ಲ ಹೇಳಿಬಿಡುತ್ತೀರಿ.

ಇಂತು, ಉಸಿರಿರುವವರೆಗೂ
ತಮ್ಮ ವಿಶ್ವಾಸಿ,
ಎಡಗೈಯ ಮಾಲೀಕ

ವಿ.ಸೂ.: ಆ ಹೊತ್ತಿನಲ್ಲಿ ನಡುವೆ ಬಾಯಿ ಹಾಕಿದ್ದಕ್ಕಾಗಿ ನನ್ನ ಹೆಂಡತಿ ತಮಗೂ ಚೆನ್ನಾಗಿಯೇ ಬೈದಳು. ಅದರಿಂದ ತಮ್ಮ ಬಡಿತವೇನಾದರೂ ಏರಿದ್ದರೆ, ದಯವಿಟ್ಟು ಗಾಬರಿಯಾಗದೆ, ಕುಳಿತುಕೊಂಡು ದೀರ್ಘವಾಗಿ ಉಸಿರಾಡಬೇಕೆಂದು ಪ್ರಾರ್ಥನೆ.